ಕರಿಕಲ್ಲು ಮತ್ತು ಹ್ಯಾಂಡ್‌ಬ್ರೇಕು

ಪಿಕಪ್ ತೆಗೆದುಕೊಳ್ಳುವುದೆಂದು ಗಿರಿಧರರ ಮನೆಯಲ್ಲಿ ತೀರ್ಮಾನವಾಗಿ ಒಂದು ಮಳೆಗಾಲ ಕಳೆದಿತ್ತು. ಯಾವ ಪಿಕಪ್ ಬೇಡ ಎಂಬುದರ ಬಗ್ಗೆ ಅವರಿಗೆ ಸ್ಪಷ್ಟವಾದ ಅಭಿಪ್ರಾಯಗಳಿದ್ದವು. ಪುತ್ತೂರಿನಲ್ಲಿ ನೋಡಿದ್ದು ಎತ್ತರ ಹೆಚ್ಚಾಯಿತು. ಕಡಬದಲ್ಲಿ ನೋಡಿದ್ದರ ಮಾಲಕ ವಿಪರೀತ ನಗುತ್ತಿದ್ದ. ಹೊಸ ಗಾಡಿಯ ಶೋರೂಮಿನಲ್ಲಿ ಕಾಫಿ ಕೊಟ್ಟರು. ಗಾಡಿ ಸರಿ ಇದ್ದರೆ ಕಾಫಿ ಯಾಕೆ ಎಂದು ಗಿರಿಧರ ದಾರಿಯುದ್ದಕ್ಕೂ ಕೇಳಿದರು.

ಗಾಡಿ ಓಡಿಸಬೇಕಾದವರು ಅವರಲ್ಲ, ಹೆಂಡತಿ ಪ್ರೇಮಾವತಿ. ಅದೇ ತೊಂದರೆ.

ಗಂಡಹೆಂಡತಿಯ ಜೀವನ ನಡೆದದ್ದು ಒಂದು ಕಾಂಕ್ರೀಟ್ ಮಿಕ್ಸರಿನಿಂದ. ಎಲ್ಲಿ ಮನೆಗೆ ಸ್ಲ್ಯಾಬ್ ಹಾಕುತ್ತಾರೋ ಅಲ್ಲಿಗೆ ಅದನ್ನು ಪಿಕಪ್ಪಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ರಾಮಕುಂಜದ ಸುತ್ತಮುತ್ತ ಮನೆ ಕಟ್ಟುವವರಿಗೆ ಗುಡ್ಡೆಯ ತುದಿಯೇ ಆಗಬೇಕು. ದಾರಿಯ ಯೋಚನೆ ಮನೆ ಒಕ್ಕಲಾದ ಮೇಲೆ. ಇಂಥ ಏರುಗಳಲ್ಲಿ ಹ್ಯಾಂಡ್‌ಬ್ರೇಕನ್ನು ನಂಬುವವರು ಕಡಿಮೆ. ಗಾಡಿ ನಿಲ್ಲಿಸಿದರೆ ಒಬ್ಬ ಹಾರಿ ಇಳಿದು ಟಯರಿನ ಹಿಂದೆ ಕಲ್ಲು ಇಟ್ಟರಾಯಿತು. ಗಿರಿಧರರ ಹಳೆಯ ಪಿಕಪ್ಪಿನ ಹ್ಯಾಂಡ್‌ಬ್ರೇಕ್ ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ, ಅದರ ಹಿಡಿಗೆ ಅವರು ಊಟದ ಚೀಲ ನೇತುಹಾಕುತ್ತಿದ್ದರು.

ಎರಡು ವರ್ಷದ ಹಿಂದೆ, ಜಡಿಮಳೆಯಲ್ಲಿ, ಗಿರಿಧರರ ಕೈಗೆ ಸಿಕ್ಕಿದ್ದು ಕೆಂಪುಕಲ್ಲಿನ ತುಂಡು. ನೀರು ಕುಡಿದ ಕೆಂಪುಕಲ್ಲು ಟಯರಿನ ಅಡಿಯಲ್ಲಿ ಅವಲಕ್ಕಿಯ ಹಾಗೆ ಹುಡಿಯಾಯಿತು. ಮಿಕ್ಸರೂ ಪಿಕಪ್ಪೂ ಒಟ್ಟಿಗೆ ಹಿಂದೆ, ಅವರ ಮೇಲೆಯೇ ಬಂದವು. ಗಿರಿಧರರ ಎಡಗಾಲು ಉಳಿಯಿತು, ಆದರೆ ಕ್ಲಚ್ ಒತ್ತುವ ಬಲ ಉಳಿಯಲಿಲ್ಲ. ಪಿಕಪ್ ಗುಜರಿಗೆ ಹೋಯಿತು. ಪ್ರೇಮಾವತಿ ಲೈಸೆನ್ಸ್ ಮಾಡಿಸಿ ಹಾಲಿನ ಕ್ಯಾನುಗಳ ಟೆಂಪೋ ಓಡಿಸಲು ಹೋದರು. ಮಿಕ್ಸರಿನ ಹೊಟ್ಟೆಯಲ್ಲಿ ಕೋಳಿ ಕಾವಿಗೆ ಕೂತಿತು.

ಈಗ ಮೇಸ್ತ್ರಿ ಫೋನು ಮಾಡಿದ್ದರು. ಸೋಮವಾರ ಮೇಲಿನ ಗುಡ್ಡೆಯ ಮನೆಗೆ ಸ್ಲ್ಯಾಬ್. ಈ ಸಲವೂ ಬಾರದಿದ್ದರೆ ಇನ್ನು ಕರೆಯುವುದಿಲ್ಲ.

ಶುಕ್ರವಾರ ಸಂಜೆ ಸುಳ್ಯದ ಶಾಫಿ ಒಂದು ಬಿಳಿ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದ. ಹಳೆ ಗಾಡಿಗಳ ವ್ಯಾಪಾರಿ. ಈ ಮನೆಗೆ ಅವನು ತಂದ ನಾಲ್ಕನೆಯ ಗಾಡಿ.

"ಎಂಜಿನ್ ಹೇಗೆ ಉಂಟು?" ಎಂದರು ಗಿರಿಧರ.

"ನನ್ನ ಮನೆಯವಳಿಗಿಂತ ಶಬ್ದ ಕಡಿಮೆ, ಗಿರಿಯಣ್ಣ."

"ನಿನ್ನ ಮಿಸ್ರಿಯಾಳಿಗೆ ಹೇಳ್ತೇನೆ," ಎಂದರು ಪ್ರೇಮಾವತಿ.

"ಹೇಳಿ ಅಕ್ಕ. ಗಾಡಿ ಮಾರಾಟ ಆದ ಮೇಲೆ ಹೇಳಿ."

ಗಿರಿಧರ ಬಗ್ಗಿ ಅಡಿ ನೋಡಿದರು. "ಮೊಬೈಲಲ್ಲಿ ಒಬ್ಬ ಹೇಳ್ತಾನೆ, ಇದರ ಹಿಂದಿನ ಸ್ಪ್ರಿಂಗ್ ಪ್ಲೇಟು ಬೇಗ ತುಂಡಾಗ್ತದಂತೆ."

"ಅವ ಎಲ್ಲಿಯವ?"

"ಹಿಂದಿಯವ."

"ಅವನಲ್ಲಿ ಗುಡ್ಡೆ ಉಂಟಾ ಮಾರಾಯ್ರೆ?"

ಪ್ರೇಮಾವತಿ ಕೋಳಿಯನ್ನು ಮೊಟ್ಟೆಗಳ ಸಮೇತ ಬುಟ್ಟಿಗೆ ವರ್ಗಾಯಿಸಿದರು. "ಮಿಕ್ಸರ್ ಸಿಕ್ಕಿಸು ಶಾಫಿ. ಸೋಮವಾರದ ಏರಿಗೇ ಹೋಗಿ ನೋಡುವ."

ಗಿರಿಧರ ಕೊಟ್ಟಿಗೆಯ ಬದಿಯಿಂದ ಒಂದು ಕರಿಕಲ್ಲು ತಂದರು. ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ತೋಡಿನ ನೀರಿನಿಂದ ಆರಿಸಿ ತಂದು ಇಟ್ಟದ್ದು. ಎರಡು ವರ್ಷ ಅದಕ್ಕೆ ಕೆಲಸವಿರಲಿಲ್ಲ.

ಏರಿನಲ್ಲಿ ಪಿಕಪ್ ನಿಧಾನವಾಗಿ ಹತ್ತಿತು. ಒಳಗೆ ಪ್ರೇಮಾವತಿ, ಪಕ್ಕದಲ್ಲಿ ಶಾಫಿ. ದಾರಿಯ ಅಂಚಿನಲ್ಲಿ, ಕಲ್ಲು ಎತ್ತಿಕೊಂಡು, ಕುಂಟುತ್ತ ಗಿರಿಧರ. ನಡು ಏರಿನಲ್ಲಿ ಗಾಡಿ ನಿಂತಿತು. ಅವರು ಬದಿಯಿಂದಲೇ ಬಗ್ಗಿ ಹಿಂದಿನ ಟಯರಿಗೆ ಕಲ್ಲು ಒತ್ತಿಕೊಟ್ಟರು.

"ಎಂತಾಯ್ತು?"

"ಎಂತ ಆಗ್ಲಿಲ್ಲ. ನಾನೇ ನಿಲ್ಲಿಸಿದ್ದು." ಪ್ರೇಮಾವತಿ ಹ್ಯಾಂಡ್‌ಬ್ರೇಕ್ ಎಳೆದು, ಗೇರು ತೆಗೆದು, ಎಂಜಿನ್ ಬಂದ್ ಮಾಡಿ, ಕಾಲನ್ನೂ ಬ್ರೇಕಿನಿಂದ ತೆಗೆದರು. ಕಿಟಕಿಯಿಂದ ತಲೆ ಹೊರಹಾಕಿದರು. "ಕಲ್ಲು ಇಟ್ರಾ?"

"ಇಟ್ಟೆ."

"ತೆಗೀರಿ."

"ತೆಗೆಯುದಾ? ಎಂತಕ್ಕೆ?"

"ಗಾಡಿ ಹಿಡಿದದ್ದು ಬ್ರೇಕಾ ಕಲ್ಲಾ ಅಂತ ಹೇಗೆ ಗೊತ್ತಾಗುದು ಮತ್ತೆ?"

"ನೀನು ಇಳಿ. ನಾನು ಕೂತು ನೋಡ್ತೇನೆ."

"ಸೋಮವಾರ ಇಲ್ಲಿ ಕೂರುದು ನಾನಲ್ವಾ."

ಶಾಫಿ ವ್ಯಾಪಾರದ ಮಾತು ಮರೆತು ಸೀಟಿನ ಅಂಚು ಹಿಡಿದುಕೊಂಡ.

ಗಿರಿಧರ ಕಲ್ಲನ್ನು ನೋಡುತ್ತ ನಿಂತರು. ಭಾರ ಬಿದ್ದ ಕಲ್ಲು ಕದಲುವುದಿಲ್ಲ ಎಂದು ಅವರಿಗೆ ಗೊತ್ತು. ಇಂಥ ಕಲ್ಲುಗಳನ್ನು ಹಾರೆ ಹಾಕಿ ಬಿಡಿಸಿದವರು ಅವರು. ಈ ಕಲ್ಲೂ ಬರದಿದ್ದರೆ ಒಳ್ಳೆಯದೇ ಆಯಿತು. ಶಾಫಿ ಗಾಡಿ ವಾಪಸ್ ಕೊಂಡುಹೋಗುತ್ತಾನೆ, ಪ್ರೇಮಾ ಹಾಲಿನ ಟೆಂಪೋ ಓಡಿಸುತ್ತಾಳೆ, ಕೋಳಿಗೆ ಅದರ ಜಾಗ ಸಿಗುತ್ತದೆ. ಹೀಗೆಲ್ಲ ಅಂದುಕೊಂಡು ಅವರು ಬದಿಯಿಂದ ಕೈ ಚಾಚಿ ಎಳೆದರು.

ಕಲ್ಲು ಸಲೀಸಾಗಿ ಬಂತು. ಅದರ ಮೇಲೆ ಯಾವ ಭಾರವೂ ಬಿದ್ದಿರಲಿಲ್ಲ. ಪಿಕಪ್ಪೂ ಹಿಂದಿನ ಮಿಕ್ಸರೂ ಇದ್ದಲ್ಲೇ ಇದ್ದವು.

ಆ ಕಲ್ಲನ್ನು ಎಲ್ಲಿಡುವುದೆಂದು ಅವರಿಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ.

"ಆಯ್ತಾ?" ಎಂದರು ಪ್ರೇಮಾವತಿ.

"ಬಿಳಿ ಬಣ್ಣ. ಕೆಸರು ಕಾಣ್ತದೆ."

"ಕಾಣ್ಲಿ. ತೊಳಿಲಿಕ್ಕೆ ನೀವುಂಟಲ್ಲ."

ಗಿರಿಧರ ಸುತ್ತು ಬಂದು ಆ ಬದಿಯ ಬಾಗಿಲು ತೆರೆದರು. ಶಾಫಿ ನಡುವಿಗೆ ಸರಿದ. ಅವರು ಕಷ್ಟಪಟ್ಟು ಹತ್ತಿ, ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲು ಹಾಕಿದರು.

"ಗಿರಿಯಣ್ಣ, ಮಣ್ಣು ಉಂಟು ಅದರಲ್ಲಿ. ಸೀಟು ಹಾಳಾಗ್ತದೆ."

"ನಮ್ಮ ಸೀಟಲ್ವಾ ಮಾರಾಯ," ಎಂದರು ಗಿರಿಧರ. "ನಿಂಗೆ ಎಂತ?"

ಪ್ರೇಮಾವತಿ ಎಂಜಿನ್ ಶುರುಮಾಡಿ ಹ್ಯಾಂಡ್‌ಬ್ರೇಕ್ ಬಿಟ್ಟರು. ಏರು ಹಿಡಿಯುವ ಮೊದಲು ಗಾಡಿ ಒಂದು ಕೂದಲಿನಷ್ಟು ಹಿಂದೆ ಬಂತು. ಗಿರಿಧರ ಕಲ್ಲನ್ನು ಅವುಚಿ ಹಿಡಿದರು. ಆದರೆ ಮುಂದೆಯೇ ನೋಡುತ್ತಿದ್ದರು.