ಮೋಡದ ಮೇಲೆ ಬಿಸಿನೀರು

ದೆಹಲಿಗೆ ಹೋಗಬೇಕಾಗಿದ್ದವಳು ನನ್ನ ತಂಗಿ ದೀಪ. ಹುಡುಗಿಯ ಜೊತೆ ಮನೆಯ ಹೆಂಗಸೊಬ್ಬಳು ಇರಲೇಬೇಕು ಎಂದು ಕಾಗದದಲ್ಲಿ ಬರೆದಿದ್ದರಿಂದ ನನಗೂ ಒಂದು ವಿಮಾನದ ಟಿಕೆಟ್ ಬಂತು. ಅವ್ವ ತಾನು ಹೋಗಲು ಒಪ್ಪಲಿಲ್ಲ. "ನಾನು ವಿಮಾನ ಅತ್ತುದ್ರೆ ಹುಳುಗೆ ಸೊಪ್ಪು ಆಕೋರ್ಯಾರು? ಯಶೋದನ್ನೇ ಕರ್ಕೊಂಡೋಗು" ಎಂದುಬಿಟ್ಟಳು.

ನಮ್ಮೂರು ಇರುವುದು ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಕೊಳ್ಳೇಗಾಲದ ಒಂದು ಘಟಕದಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಸೇರಿದೆ. ವಾರವೆಲ್ಲ ಅಲ್ಲೇ ಇರುತ್ತೇನೆ. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ, ಆ ನೀರಿಗೇ ಬೆರಳು ಹಾಕಿ ಎಳೆಯ ತುದಿ ಹುಡುಕಬೇಕು. ಆರು ವರ್ಷದಲ್ಲಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿಹೋಗಿವೆ.

ಅವನ್ನು ನೋಡಿಯೇ ದೀಪ ಯಂತ್ರ ಮಾಡಿದ್ದು. ಹಳೇ ಸೈಕಲ್ಲಿನ ಚೈನು, ಹಲ್ಲುಜ್ಜುವ ನಾಲ್ಕು ಬ್ರಷ್ಷು, ನೂಲು ಸುತ್ತುವ ಪುಟ್ಟ ರಾಟೆ, ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಬ್ರಷ್ಷುಗಳು ನೀರಿನಲ್ಲಿರುವ ಗೂಡುಗಳ ಮೈ ಸವರಿ ಎಳೆಯ ತುದಿಯನ್ನು ಮೇಲೆತ್ತುತ್ತವೆ. ಕೈ ಸುಡುವುದಿಲ್ಲ. ಯಂತ್ರ ತಾಲ್ಲೂಕಿನಲ್ಲಿ ಗೆದ್ದಿತು, ಜಿಲ್ಲೆಯಲ್ಲಿ ಗೆದ್ದಿತು, ಬೆಂಗಳೂರಿನಲ್ಲೂ ಗೆದ್ದು ದೆಹಲಿಯ ವಿಜ್ಞಾನ ಪ್ರದರ್ಶನಕ್ಕೆ ಆಯ್ಕೆಯಾಯಿತು. ಅಲ್ಲಿ ಎಲ್ಲರ ಮುಂದೆ ನೂಲು ತೆಗೆದು ತೋರಿಸಬೇಕು. ಗೂಡು ನಾವೇ ಒಯ್ಯಬೇಕು.

ಗೂಡು ಆರಿಸಿದವಳು ನಾನು. ಗೂಡು ಬಂದ ಕೂಡಲೇ ಹಬೆಗೆ ಹಿಡಿದು ಒಳಗಿನ ಹುಳುವನ್ನು ಸಾಯಿಸುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಆದರೆ ಹಬೆ ತಾಗದ ಹಸಿ ಗೂಡಿನ ನೂಲಿಗೆ ಹೊಳಪು ಹೆಚ್ಚು. ದೆಹಲಿಯವರು ಆ ಹೊಳಪು ನೋಡಲಿ ಎಂದು ನನಗೆ ಆಸೆಯಾಯಿತು. ಚಿಟ್ಟೆ ಹೊರಬರುವ ದಿನ ಎಣಿಸಿದೆ. ಪ್ರದರ್ಶನ ಮುಗಿದ ಮೇಲೂ ಎರಡು ದಿನ ಉಳಿಯುತ್ತಿತ್ತು. ಹಬೆಗೆ ಹಿಡಿಯದೆ ಐವತ್ತು ಗೂಡುಗಳನ್ನು ರಟ್ಟಿನ ಡಬ್ಬಿಗೆ ತುಂಬಿ, ಜೋಪಾನ ಎಂದು ಅವ್ವನ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ.

ವಿಮಾನ ಬೆಂಗಳೂರಿನಿಂದ ಬೆಳಿಗ್ಗೆ ಆರಕ್ಕೆ. ದೀಪ ಕಿಟಕಿಯ ಪಕ್ಕ, ಡಬ್ಬಿ ಮಡಿಲಲ್ಲಿಟ್ಟುಕೊಂಡು ನಾನು ನಡುವೆ, ಆಚೆ ಬದಿ ಅವಳ ವಿಜ್ಞಾನದ ಮೇಷ್ಟ್ರು ನಟರಾಜು. ಮೂವರಿಗೂ ಇದೇ ಮೊದಲ ವಿಮಾನ. ಯಂತ್ರ ಕೆಳಗೆ ಸಾಮಾನಿನ ಜೊತೆ ಹೋಗಿತ್ತು. ತಪಾಸಣೆಯ ಪೊಲೀಸು ಗೂಡಿನ ಡಬ್ಬಿ ತೆರೆದು, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ್ದ. ದೀಪ "ಸಿಲ್ಕ್ ಸರ್, ಸಿಲ್ಕ್" ಎಂದು ತನ್ನ ಲಂಗದ ಅಂಚು ತೋರಿಸಿದಳು. ಅದು ನೈಲಾನು. ಆದರೂ ಬಿಟ್ಟ.

ವಿಮಾನ ಮೇಲೆದ್ದಾಗ ದೀಪ ಗಾಜಿಗೆ ಮೂಗು ಒತ್ತಿದಳು. "ಅಕ್ಕ, ರೋಡಲ್ಲಿ ಲಾರಿ ನೋಡು, ತಲೇಲಿ ಹೇನು ಅರ್ದಂಗೆ ಅರೀತಾವೆ!"

ನಾನೂ ಬಗ್ಗಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಇಬ್ರೂ ಒಂದೇ ಕಡೀಕೆ ವಾಲ್ಬೇಡ್ರಮ್ಮಾ" ಎಂದರು.

"ಸಾ, ರೆಕ್ಕೆ ಕೆಳಗ್ಲ ಗಾಳಿ ಒತ್ತಡ ಜಾಸ್ತಿ, ಬೀಳಕಿಲ್ಲ ಅಂತ ನೀವೇ ಪಾಠ ಮಾಡಿದ್ರಲ್ಲ?"

"ಪಾಠ ಮಾಡೋದೇ ಬೇರೆ, ಮೇಲೆ ಕೂತ್ಕೊಳದೇ ಬೇರೆ ಕಣಮ್ಮಿ."

ಕಿಟಕಿಯಲ್ಲಿ ಬೆಳಕು ಕೆಂಪಗೆ ಬಿದ್ದಾಗ ನನ್ನ ಮಡಿಲಲ್ಲಿ ಏನೋ ಕೆರೆದಂತಾಯಿತು. ಡಬ್ಬಿಗೆ ಕಿವಿಯಿಟ್ಟೆ. ಮುಚ್ಚಳ ತೆಗೆದೆ. ಒದ್ದೆ ರೆಕ್ಕೆಯ ಬಿಳಿ ಚಿಟ್ಟೆಯೊಂದು ಗೂಡಿನ ಮೇಲೆ ಕೂತು ನಡುಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಅರ್ಧ ಹೊರಗೆ ಬಂದಿತ್ತು. ಹತ್ತಾರು ಗೂಡುಗಳ ತುದಿ ಕಂದು ಬಣ್ಣವಾಗಿ ನೆನೆದಿತ್ತು. ಅಂದರೆ ಅವೂ ಹೊರಡಲು ಸಿದ್ಧ.

ಡಬ್ಬಿ ಎತ್ತಿ ಅಡಿ ನೋಡಿದೆ. ಮಸಿ.

"ದೀಪ, ಇದ ಎಲ್ಲಿ ಮಡಗಿದ್ರಿ?"

"ಒಲೆ ಪಕ್ಕ. ಅವ್ವನೇ ಮಡಗುದ್ಲು, ಚಳಿ ಆಯ್ತದೆ ಅಂತ. ಯಾಕಕ್ಕಾ?"

ಚಳಿಗಾಲದಲ್ಲಿ ಅವ್ವ ಹುಳುವಿನ ಮನೆಗೆ ಕೆಂಡ ಇಟ್ಟು ಕಾವು ಕೊಡುತ್ತಾಳೆ. ಅದೇ ಪ್ರೀತಿಯಲ್ಲಿ ಡಬ್ಬಿಗೂ ಕೊಟ್ಟಿದ್ದಾಳೆ. ಕಾವು ಸಿಕ್ಕಿದರೆ ಹುಳು ಬೇಗ ಚಿಟ್ಟೆಯಾಗುತ್ತದೆ. ಹಬೆಗೆ ಹಿಡಿದಿದ್ದರೆ ಒಲೆ ಪಕ್ಕ ಇಟ್ಟರೂ ಏನೂ ಆಗುತ್ತಿರಲಿಲ್ಲ. ತಪ್ಪು ನನ್ನದೇ.

ದೀಪ ಡಬ್ಬಿಯೊಳಗೆ ನೋಡಿದಳು. "ಎಲ್ಲಾ ತೂತಾದ್ರೆ ಯಂತ್ರಕ್ಕೆ ಏನಾಕದು? ದೆಹಲಿ ಗಂಟ ಓಗಿ ಬರೀ ನೀರು ತಿರುವಿ ತೋರ್ಸನಾ?"

ಅಷ್ಟರಲ್ಲಿ ಒಂದು ಚಿಟ್ಟೆ ಡಬ್ಬಿಯಂಚು ದಾಟಿ ಮೇಷ್ಟ್ರ ತೋಳು ಹತ್ತಿ ಕೊರಳಪಟ್ಟಿಯ ಕಡೆ ನಡೆಯಿತು.

"ಮೇಷ್ಟ್ರೇ, ಅಲ್ಲಾಡ್ಬೇಡಿ" ಎಂದೆ.

ಅವರ ಮುಖ ಬಿಳುಚಿತು. "ಯಾಕಮ್ಮಾ, ವಿಮಾನಕ್ಕೇನಾಯ್ತು?"

"ವಿಮಾನಕ್ಕಲ್ಲ. ನಿಮ್ಮ ಮೇಲೆ ಚಿಟ್ಟೆ."

ಅವರು ಒಂದು ಕಣ್ಣು ತೆರೆದು ಭುಜ ನೋಡಿಕೊಂಡರು. ಮೆಲ್ಲಗೆ ಕರವಸ್ತ್ರ ತೆಗೆದು ಚಿಟ್ಟೆಯನ್ನು ಅದರ ಮೇಲೆ ಕೂರಿಸಿಕೊಂಡರು. ಆಮೇಲೆ ಅವರಿಗೆ ವಿಮಾನದ ಭಯ ಕಡಿಮೆಯಾಯಿತು. ಹೊರಗೆ ಬಂದ ಚಿಟ್ಟೆಗಳನ್ನೆಲ್ಲ ಒಂದೊಂದಾಗಿ ಇಸಿದುಕೊಳ್ಳತೊಡಗಿದರು.

ಉಳಿದ ಗೂಡುಗಳಿಗೆ ಈಗಲೇ ಕುದಿಯುವ ನೀರು ಬೇಕಿತ್ತು. ಇಳಿಯುವುದಕ್ಕೆ ಇನ್ನೂ ಎರಡು ಗಂಟೆ. ವಿಮಾನದ ಹಿಂಭಾಗದಲ್ಲಿ ಗಗನಸಖಿ ಸಣ್ಣ ನಲ್ಲಿಯಿಂದ ಹಬೆಯಾಡುವ ನೀರು ಹಿಡಿಯುವುದನ್ನು ಹತ್ತುವಾಗಲೇ ನೋಡಿದ್ದೆ. ಆದರೆ ಕೇಳಬೇಕಲ್ಲ. ಘಟಕದಲ್ಲಿ ಬಾನಿಯ ನೀರು ತಣ್ಣಗಾದರೂ, ಸೌದೆ ಹಾಕಿ ಎನ್ನಲು ನಾಚಿ ಸುಮ್ಮನೆ ಕೈಯಾಡಿಸುತ್ತಾ ಕೂರುವವಳು ನಾನು. ಇಲ್ಲಿ ಭಾಷೆಯೂ ಬರುವುದಿಲ್ಲ.

ಇನ್ನೊಂದು ಗೂಡು ತೂತಾಯಿತು.

"ಮೇಷ್ಟ್ರೇ, ನಿಮ್ಮ ಚಿತ್ರಾನ್ನದ ಡಬ್ಬಿ ಕೊಡಿ."

"ಅಸಿವಾ?"

"ಅಲ್ಲ. ಡಬ್ಬಿ ಬೇಕು. ಬೇಗ ತಿಂದ್ಬುಡಿ."

ಅವರು ಒಂದು ಕೈಯಲ್ಲಿ ಚಿಟ್ಟೆಗಳನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಗಬಗಬ ತಿಂದರು. ಅರ್ಧ ದೀಪ ತಿಂದಳು, ಅಳುತ್ತಲೇ. ಎಣ್ಣೆ ಜಿಡ್ಡಿದ್ದರೆ ನೂಲು ಕೆಡುತ್ತದೆಂದು ಸ್ಟೀಲಿನ ಡಬ್ಬಿಯನ್ನು ಪಾಯಿಖಾನೆಯ ಸೋಪಿನಲ್ಲಿ ಎರಡು ಸಲ ತೊಳೆದೆ. ಆಮೇಲೆ ಎರಡೂ ಡಬ್ಬಿಗಳನ್ನು ಕಂಕುಳಲ್ಲಿಟ್ಟುಕೊಂಡು ಹಿಂದಕ್ಕೆ ಹೋಗಿ ಗಗನಸಖಿಯ ಎದುರು ನಿಂತೆ.

"ಟೀ?" ಎಂದಳು.

ಒಂದು ಅಂಗೈಯಲ್ಲಿ ತೂತಾದ ಗೂಡು ಇಟ್ಟುಕೊಂಡಿದ್ದೆ, ಇನ್ನೊಂದರಲ್ಲಿ ಇಡೀ ಗೂಡು. ಎರಡನ್ನೂ ಅವಳ ಮುಂದೆ ಚಾಚಿದೆ. ನಲ್ಲಿ ತೋರಿಸಿದೆ. ಡಬ್ಬಿ ತೋರಿಸಿದೆ. "ಸಿಲ್ಕ್" ಎಂದೆ. ಅವಳಿಗೆ ತಿಳಿಯಲಿಲ್ಲ. ಹೋಗಿ ಕೂರಿ ಎನ್ನುವಂತೆ ಕೈ ಮಾಡಿದಳು. ಬೇರೆ ದಿನವಾದರೆ ಅಲ್ಲಿಂದಲೇ ಹಿಂತಿರುಗುತ್ತಿದ್ದೆ.

"ಇಲ್ಲ ಕಣಕ್ಕ, ಬಿಸಿನೀರು ಬೇಕೇ ಬೇಕು. ನನ್ ತಂಗಿ ಯಂತ್ರ ಮಾಡವ್ಳೆ" ಎಂದೆ, ಕನ್ನಡದಲ್ಲೇ. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅವಳು ನನ್ನ ಮುಖ ನೋಡಿದಳು, ಬೆರಳು ನೋಡಿದಳು, ಗೂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಂತರ ನಲ್ಲಿ ತಿರುಗಿಸಿದಳು. ನೀರು ತುಂಬಿದ ಡಬ್ಬಿಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು, ಗೂಡುಗಳನ್ನು ನಾನು ಹಾಕಿದ ಮೇಲೆ ಮುಚ್ಚಳ ಬಿಗಿದಳು.

ಹತ್ತು ನಿಮಿಷ ಬಿಟ್ಟು ತೆಗೆದೆವು. ಒಂದು ಗೂಡಿನ ಮೈ ಬೆರಳಿಂದ ಉಜ್ಜಿದೆ. ತುದಿ ಸಿಕ್ಕಿತು. ಎಳೆದೆ. ಎಳೆ ಬಂತು, ಬರುತ್ತಲೇ ಇತ್ತು. ಗಗನಸಖಿ ಅದನ್ನು ಟೀ ಕಲಸುವ ಕಡ್ಡಿಗೆ ಸುತ್ತಿಕೊಂಡು ಮಗುವಿನಂತೆ ನಕ್ಕಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಹೌದು ಎಂದು ತಲೆಯಾಡಿಸಿದೆ. ಏನು ಕೇಳಿದಳೋ ಗೊತ್ತಿಲ್ಲ.

ಹತ್ತೊಂಬತ್ತು ಗೂಡು ಹೋದವು, ಮೂವತ್ತೊಂದು ಉಳಿದವು.

ಮಧ್ಯಾಹ್ನ ಮೂರಕ್ಕೆ ದೆಹಲಿಯ ದೊಡ್ಡ ಸಭಾಂಗಣದಲ್ಲಿ ದೀಪಳ ಸರದಿ ಬಂತು. ಕರೆಂಟಿನ ಒಲೆಯ ಮೇಲೆ ನೀರು ಕಾಯಿಸಿ ಗೂಡು ಬಿಟ್ಟೆವು. ಪರೀಕ್ಷಕಿ ಬಿಳಿ ಕೂದಲಿನ ಹೆಂಗಸು, ಕೈಯಲ್ಲಿ ಪೆನ್ನು. ದೀಪ ಹಿಡಿಕೆ ತಿರುಗಿಸಿದಳು. ಬ್ರಷ್ಷು ಬರಿದೇ ಮೇಲೆ ಬಂತು. ಮತ್ತೆ ತಿರುಗಿಸಿದಳು. ಬರಿದೇ. ಒಮ್ಮೆ ಬೆಂದು ತಣ್ಣಗಾದ ಗೂಡು, ತುದಿಗಳೆಲ್ಲ ಮೈಗೆ ಅಂಟಿಕೊಂಡಿದ್ದವು.

ದೀಪ ನನ್ನ ಕಡೆ ನೋಡಿದಳು. ನೀರಿಗೆ ಬೆರಳು ಹಾಕಿದ್ದರೆ ಒಂದೇ ಕ್ಷಣದಲ್ಲಿ ತುದಿ ಹಿಡಿಯುತ್ತಿದ್ದೆ. ಹಾಕಿದರೆ ಅವಳ ಯಂತ್ರ ಸುಳ್ಳಾಗುತ್ತದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ಇನ್ನೊಂಚೂರು ಬೇಯ್ಲಿ ತಡಿ" ಎಂದೆ.

ಪರೀಕ್ಷಕಿ ಗಡಿಯಾರ ನೋಡಿದರು. ಮೇಷ್ಟ್ರು ತಮ್ಮ ಕರವಸ್ತ್ರ ಬಿಡಿಸಿ, ಜೊತೆಗೂಡಿದ್ದ ಚಿಟ್ಟೆಗಳನ್ನೂ ಅವು ಅಲ್ಲೇ ಇಟ್ಟಿದ್ದ ಸಾಸಿವೆಯಂಥ ಮೊಟ್ಟೆಗಳನ್ನೂ ತೋರಿಸಿ, ಹರಕು ಇಂಗ್ಲಿಷಿನಲ್ಲಿ ಹುಳುವಿನ ಬಾಳೆಲ್ಲ ವಿವರಿಸಿ ಅವರನ್ನು ನಿಲ್ಲಿಸಿಕೊಂಡರು. ಪುಣ್ಯಾತ್ಮ.

ನೀರು ಗುಳ್ಳೆಯೆದ್ದಿತು. ಮೂರನೇ ಸಲ ಬ್ರಷ್ಷು ಮೇಲೆ ಬಂದಾಗ ಸಭಾಂಗಣದ ಬೆಳಕಿನಲ್ಲಿ ಏನೋ ಮಿನುಗಿತು. ಏಳೆಂಟು ಎಳೆ. ದೀಪ ಅವನ್ನು ಒಟ್ಟಿಗೆ ಹಿಡಿದು ರಾಟೆಗೆ ಹಾಕಿದಳು. ನೀರಿನಲ್ಲಿ ಗೂಡುಗಳು ಕುಣಿಯತೊಡಗಿದವು. ಪಕ್ಕದ ಮೇಜಿನ ಮಕ್ಕಳೂ ಬಂದು ಮುತ್ತಿಕೊಂಡರು. ಎಳೆ ಕಡಿಯಲಿಲ್ಲ.

ಪರೀಕ್ಷಕಿ ಪೆನ್ನು ಮೇಜಿನ ಮೇಲಿಟ್ಟು, ತಾವೇ ತಿರುಗಿಸುವುದಾಗಿ ಸನ್ನೆ ಮಾಡಿ ಹಿಡಿಕೆ ಹಿಡಿದರು. ಉತ್ಸಾಹದಲ್ಲಿ ಬಿರುಸಾಗಿ ತಿರುಗಿಸಿದರು.

"ಮೆಲ್ಲುಗೆ, ಮೇಡಂ" ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಅವರು ನನ್ನ ಕಡೆ ನೋಡಿ, ಮೆಲ್ಲಗೆ ತಿರುಗಿಸಿದರು.