ಅಂಗೈಯಲ್ಲಿ ಕಂಡ ಮುಖ

ಬೆಳಗಿನ ಲಿಂಗಪೂಜೆಗೆ ಕುಳಿತಾಗ ಸಾವಿತ್ರೆವ್ವನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಸಂಖ ಎಂಬ ಊರಿನ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಹೀಗೇ ನಡೆದುಬಂದಿತ್ತು. ಗಂಡ ಶಂಕರಲಿಂಗ ಕೂಡ ಕಿರಾಣಿ ಅಂಗಡಿಯ ಕೀಲಿಕೈ ಬೇಕಾದರೆ ತಾನೇ ಹುಡುಕಿಕೊಳ್ಳುತ್ತಿದ್ದ.

ಆ ದಿನ ಅವನು ಅಂಗಡಿಯ ಸಾಮಾನು ತರಲು ಜತ್ತದ ಪೇಟೆಗೆ ಹೋಗಿದ್ದ. ಮನೆಯಲ್ಲಿದ್ದವರು ಅವಳು ಮತ್ತು ಒಳಕೋಣೆಯ ಮಂಚದ ಮೇಲೆ ಅತ್ತೆ ಹಾಲವ್ವ. ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಮುದುಕಿಯನ್ನು ಹಿಡಿದು ಎಬ್ಬಿಸಬೇಕಿತ್ತು.

ಸಾವಿತ್ರೆವ್ವ ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಮಂತ್ರ ಹೇಳುತ್ತಿದ್ದಳು.

"ಸಾವಿತ್ರಿ, ಲಗೂನ ಬಾರವಾ."

ಕೇಳಿಸಿತು. ಇನ್ನು ಸ್ವಲ್ಪ ಹೊತ್ತು ಅಂದುಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದಳು. ಮತ್ತೆ ಕರೆ ಬಂತು. ದನಿ ಎತ್ತರಿಸಿ ಮಂತ್ರ ಮುಂದುವರಿಸಿದಳು. ಆಮೇಲೆ ಕರೆ ಬರಲಿಲ್ಲ.

ಪೂಜೆ ಮುಗಿಸಿ ಹೋದಾಗ ಹಾಲವ್ವ ನೆಲದ ಮೇಲಿದ್ದಳು. ತಾನೇ ಏಳಲು ಹೋಗಿ ಮಂಚದಿಂದ ಜಾರಿದ್ದಳು. ಸೀರೆ ಒದ್ದೆಯಾಗಿತ್ತು.

"ಪೂಜಾ ಆತೇನವಾ?" ಎಂದಳು, ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸದೆ.

"ನನಗ ಕೇಳಸಲಿಲ್ರಿ ಅತ್ತಿ."

ಸಾವಿತ್ರೆವ್ವನ ಬೆರಳಿಗೆ ಇನ್ನೂ ವಿಭೂತಿ ಅಂಟಿತ್ತು. ಅದನ್ನು ಗಡಿಬಿಡಿಯಲ್ಲಿ ಸೆರಗಿಗೆ ಒರೆಸಿಕೊಂಡು, ಬಿಸಿನೀರು ತಂದು ಮುದುಕಿಯ ಮೈ ತೊಳೆದಳು. ಬಡಕಲು ತೊಡೆಯ ಮೇಲೆ ಚರ್ಮ ತರಚಿತ್ತು.

ಮರುದಿನ ಲಿಂಗವನ್ನು ಕೈಗೆ ತೆಗೆದುಕೊಂಡರೆ ದೃಷ್ಟಿ ನಿಲ್ಲಲಿಲ್ಲ. ಇಷ್ಟು ವರ್ಷ ದೇವರು ಅವಳಿಗೆ ಸಾಲೆಯ ಮಾಸ್ತರನ ಹಾಗೆ ಕಾಣುತ್ತಿದ್ದ. ತಪ್ಪಿದರೆ ಬೆತ್ತ, ಹಾಜರಿದ್ದರೆ ತಲೆಯಾಡಿಸುವಿಕೆ. ನಿನ್ನೆಯೂ ಅವಳು ಹಾಜರಿದ್ದಳು. ಅದರಿಂದಲೇ ಮುದುಕಿ ನೆಲಕ್ಕೆ ಬಿದ್ದಿದ್ದಳು. ಪೂಜೆಯನ್ನು ಅರ್ಧಕ್ಕೆ ಬಿಟ್ಟು ಅತ್ತೆಯ ಹತ್ತಿರ ಹೋದಳು.

"ಅತ್ತಿ, ನಿನ್ನಿ ನನಗ ಕೇಳಸಿತ್ರಿ. ಸುಳ್ಳ ಹೇಳಿದೆ."

"ಗೊತ್ತೈತಿ. ನಾ ಕರದಾಗ ನಿನ್ನ ಮಂತ್ರ ನಿಂತಿತ್ತು. ಆಮ್ಯಾಲ ಜೋರ ಆತು."

ಸಾವಿತ್ರೆವ್ವನ ಕಿವಿ ಬಿಸಿಯಾದವು. "ಬೈರಿ. ಬೇಕಾದ್ರ ಹೊಡೀರಿ."

"ಹೊಡದ್ರ ನಿನಗ ಹಗುರ ಆಗತೈತಿ. ನನಗ ಕೈ ಎತ್ತಾಕ ಎಲ್ಲಿ ಆಗತೈತಿ?" ಎಂದು ಹಾಲವ್ವ ಅವಳನ್ನು ಮಂಚದ ಅಂಚಿಗೆ ಕೂರಿಸಿಕೊಂಡಳು. "ನಿನ್ನ ದೇವರು ಹೆಂಗ ಕಾಣತಾನವಾ?"

"ಮಾಸ್ತರ ಹಂಗ್ರಿ."

"ನನಗ ಮದವ್ಯಾದ ಹೊಸದಾಗ ಅಪ್ಪನ ಹಂಗ ಕಾಣತಿದ್ದ, ತವರಿಗಿ ಕರಿಯಾಕ ಬಂದಂಗ. ಹಿರಿ ಮಗಳು ತೀರಿಕೊಂಡ ಮ್ಯಾಲ ಆ ಕೂಸಿನ ಹಂಗ ಆದ. ಅಂಗೈಯಾಗ ಇಟಗೊಂಡು ಸುಮ್ಮ ಕುಂದರತಿದ್ದೆ. ಈಗ ಮುಖಾನ ಕಾಣೂದಿಲ್ಲ. ಬಾಜೂಕ ಯಾರೋ ಕುಂತಂಗ ಅನಸತೈತಿ."

"ನಿನ್ನಿನೂ?"

"ನಿನ್ನಿನೂ ಕುಂತಿದ್ದ. ಆದ್ರ ಎಬ್ಬಸಾಕ ಕೈ ನಿನ್ನವ ಅಲ್ಲೇನು?"

ಅಂದಿನಿಂದ ಸಾವಿತ್ರೆವ್ವ ಪೂಜೆಯನ್ನು ಒಳಕೋಣೆಯ ಹೊಸ್ತಿಲಿಗೆ ತಂದಳು. ಹಾಲವ್ವ ಮಗ್ಗುಲು ಹೊರಳಿದರೂ ಎದ್ದು ನೋಡುವಳು. ಮತ್ತೆ ಬಂದು ಕುಳಿತಾಗ ಅಂಗೈಯಲ್ಲಿ ಬೇರೆ ಮುಖ ಹುಡುಕುವಳು.

ಒಂದು ಬೆಳಿಗ್ಗೆ ತವರೂರು ತಿಕೋಂಡಿಯ ತನ್ನ ಅವ್ವ ನೆನಪಾದಳು. ಮಕ್ಕಳು ಅತ್ತರೆ ಹಂಚಿನ ಮೇಲಿನ ರೊಟ್ಟಿ ಸುಟ್ಟರೂ ಬಿಟ್ಟು ಓಡಿಬರುತ್ತಿದ್ದಳು. ದೇವರು ಅವ್ವನ ಹಾಗಿದ್ದರೆ? ಸಾವಿತ್ರೆವ್ವ ಲಿಂಗವನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಮಾಸ್ತರನಾಗಿದ್ದರೆ ಬೆತ್ತ ಬೀಸಿ ಮುಗಿಸಿಬಿಡುತ್ತಿದ್ದ. ಅವ್ವನ ಮುಂದೆ ಹಾಗೆ ಮುಗಿಯುವುದಿಲ್ಲ.

ಮಂತ್ರ ಬಾಯಿಗೆ ಬರಲಿಲ್ಲ. ತಲೆ ತಗ್ಗಿಸಿದಳು.

"ಅವ್ವಾ, ನನಗ ನಾಚಿಕಿ ಆಗೇತಿ," ಎಂದಳು. ಅಷ್ಟು ವರ್ಷಗಳಲ್ಲಿ ಅವಳು ದೇವರಿಗೆ ತನ್ನದೇ ಮಾತಿನಲ್ಲಿ ಹೇಳಿದ್ದು ಅದೇ ಮೊದಲು. ಅಂಗೈಯ ಲಿಂಗದಿಂದ ಕಣ್ಣು ಕೀಳದೆ ಹಾಗೇ ಕುಳಿತಳು.