ಗಂಟೆಗೆ ಐದು ಮಿಲಿ

ನಾನೊಂದು ಸಿರಿಂಜ್ ಪಂಪು. ಹೊಟ್ಟೆಯೊಳಗೆ ಉದ್ದನೆಯ ಸ್ಕ್ರೂ. ಅದು ತಿರುಗಿದಂತೆ ಸಿರಿಂಜನ್ನು ಕೂದಲೆಳೆಯಷ್ಟೇ ತಳ್ಳುವ ಒಂದು ಕೈ. ಇಷ್ಟೇ ನನ್ನ ಬಂಡವಾಳ. ಪುಣೆಯ ಕಾರ್ಖಾನೆಯಲ್ಲಿ ಹುಟ್ಟಿ, ಅಲ್ಲಿಯದೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ಏಳು ವರ್ಷ ದುಡಿದೆ. ಅವರಿಗೆ ಬೇಡವಾದ ಮೇಲೆ ಹುಬ್ಬಳ್ಳಿಯ ಹೃದಯದ ಆಸ್ಪತ್ರೆಯೊಂದರ ಪಾಲಾದೆ.

ಇಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಹಿರಿಯ ನರ್ಸ್ ಎಸ್ತೇರಮ್ಮ. ಹೃದಯದ ಆಪರೇಷನ್ ಆದವರ ಬಿ.ಪಿ. ಪಾತಾಳಕ್ಕಿಳಿದರೆ, ಅದನ್ನು ಎತ್ತಿ ಹಿಡಿಯುವ ಔಷಧಿಯನ್ನು ನಾನು ಹನಿಹನಿಯಾಗಿ ಕೊಡಬೇಕು. ಆದರೆ ನನ್ನ ಸ್ಕ್ರೂ ಸವೆದಿತ್ತು. ಹೊಸ ಸಿರಿಂಜ್ ಹಾಕಿದರೆ ಮೊದಲ ಕೆಲವು ನಿಮಿಷ ಸ್ಕ್ರೂ ಬರೀ ತಿರುಗುತ್ತಿತ್ತು, ಔಷಧಿ ಹೊರಡುತ್ತಿರಲಿಲ್ಲ. ಎಸ್ತೇರಮ್ಮ ಇದನ್ನು ಕಂಡುಕೊಂಡು, ‘ನಳಿಕೆಯ ತುದಿಯಲ್ಲಿ ಹನಿ ಕಂಡ ಮೇಲೇ ರೋಗಿಗೆ ಜೋಡಿಸಿ’ ಎಂದು ಅಂಟುಪಟ್ಟಿಯ ಮೇಲೆ ಬರೆದು ನನ್ನ ನೆತ್ತಿಗೆ ಅಂಟಿಸಿದ್ದಳು.

ತಪಾಸಣೆಯವರು ಬರುತ್ತಾರೆಂದು ಒಂದು ದಿನ ಯಂತ್ರಗಳನ್ನೆಲ್ಲ ಫಳಫಳ ಒರೆಸಿದರು. ಆ ಪಟ್ಟಿಯನ್ನೂ ಕಿತ್ತೆಸೆದರು.

ಮರುದಿನ ನನ್ನನ್ನು ಚನ್ನವೀರಪ್ಪನಿಗೆ ಹಚ್ಚಿದ್ದರು. ಬಸ್ ಡಿಪೋದ ಮೆಕ್ಯಾನಿಕ್. ಆಪರೇಷನ್ ಆಗಿ ಎರಡನೇ ದಿನ. ಔಷಧಿ ನಿಂತರೆ ಅವನ ಜೀವ ಉಳಿಯುವಂತಿರಲಿಲ್ಲ. ಮಧ್ಯಾಹ್ನ ಎಸ್ತೇರಮ್ಮ ಊಟಕ್ಕೆ ಹೋದಾಗ ಸಿರಿಂಜ್ ಖಾಲಿಯಾಯಿತು. ಹೊಸದಾಗಿ ಸೇರಿದ್ದ ವೀಣಾ ಬೇರೆಯದನ್ನು ಹಾಕಿ ಗುಂಡಿ ಒತ್ತಿದಳು. ‘ಗಂಟೆಗೆ ಐದು ಮಿಲಿ’ ಎಂದು ನಾನು ಜಂಬದಿಂದ ತೋರಿಸಿದೆ. ಒಂದು ಹನಿಯೂ ಹೋಗಲಿಲ್ಲ.

ನೋಡಲು ಬಂದಿದ್ದ ಹೆಂಡತಿ ನಿಂಬೆವ್ವ ಮಾನಿಟರ್ ನೋಡಿ ಗಾಬರಿಯಾದಳು. “ಸಿಸ್ಟರ್, ನಂಬರ್ ಇಳ್ಯಾಕತ್ತೈತ್ರೀ!”

“ಔಷಧ ಹೊಂಟೈತ್ರೀ ಅವ್ವಾರ, ಅಂಜಬ್ಯಾಡ್ರಿ,” ಎಂದಳು ವೀಣಾ. ಪಾಪ, ನನ್ನನ್ನು ನಂಬಿದ್ದಳು.

ಬಿ.ಪಿ. ತೊಂಬತ್ತಿದ್ದದ್ದು ಎಪ್ಪತ್ತಾಯಿತು, ನಲವತ್ತಾಯಿತು. ಡಾಕ್ಟರು ಓಡಿಬಂದರು. ವೈರು ನೋಡಿದರು, ಹೊಲಿಗೆ ನೋಡಿದರು. ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಎಸ್ತೇರಮ್ಮ ಎಂಜಲು ಕೈಯಲ್ಲೇ ಬಂದು ನಳಿಕೆಯ ತುದಿ ಬಿಚ್ಚಿ ನೋಡಿದಳು. ಒಣಗಿತ್ತು. ಅಷ್ಟರಲ್ಲಿ ಹೃದಯ ನಿಂತಿತ್ತು. ಮುಕ್ಕಾಲು ಗಂಟೆ ಎದೆ ಒತ್ತಿದರೂ ಚನ್ನವೀರಪ್ಪ ಮರಳಲಿಲ್ಲ.

ಮರುದಿನ ಎಂಜಿನಿಯರ್ ನನ್ನ ದಾಖಲೆ ತೆಗೆದ. ಅದರಲ್ಲಿ ನಾನು ಒಂದು ಕ್ಷಣವೂ ನಿಂತಿರಲಿಲ್ಲ. “ಮಶೀನ್ ಸರಿ ಐತಿ, ತಪ್ಪು ಸಿರಿಂಜ್ ಹಾಕಿದ ಹುಡುಗೀದು. ಇದನ್ನ ಮೂರನೇ ಬೆಡ್ಡಿಗೆ ಹಚ್ರಿ,” ಎಂದ.

“ತಪ್ಪು ಆ ಹುಡುಗೀದಲ್ರೀ, ನಂದು,” ಎಂದಳು ಎಸ್ತೇರಮ್ಮ. “ರಿಪೇರಿಗೆ ಕಳಸೂದು ಬಿಟ್ಟು ಚೀಟಿ ಹಚ್ಚಿ ಕುಂತೆ.” ಆಮೇಲೆ ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಕಬ್ಬಿಣದ ಚಾವಿ ಎತ್ತಿ, ಎಲ್ಲರೆದುರೇ ನನ್ನ ಕೈ ಮುರಿದುಹಾಕಿದಳು.

ಈಗ ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದೇನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಏಟು ಒಂದು ದಿನ ಮೊದಲು ಬಿದ್ದಿದ್ದರೆ, ನಿಂಬೆವ್ವ ಗಂಡನನ್ನು ಕೈಹಿಡಿದು ಮನೆಗೆ ನಡೆಸಿಕೊಂಡು ಹೋಗುತ್ತಿದ್ದಳು.